ಹೊರಟವರ ಹಿಮ್ಮಡಿ

ಬರುವವರಿಗೆಲ್ಲ ಬಾಲ ಆಡಿಸುತ್ತಾನೆ ಬೋಳ.
ಎದ್ದು ಹೊರಟವರ ಹಿಮ್ಮಡಿಗೆ ಹಲ್ಲು.
ಗ್ಯಾಸಿನ ಹುಡುಗ, ಚೀಟಿ ದುಡ್ಡಿಗೆ ಬಂದ ಜಾನಕಿ,
ಮೊನ್ನೆ ಪಂಚಾಯಿತಿ ಮೆಂಬರೂ.
ಮೂವರಿಗೂ ಸೂಜಿ ಹಾಕಿಸಿದ್ದೇನೆ
ಸುಂಟಿಕೊಪ್ಪದ ಆಸ್ಪತ್ರೆಯಲ್ಲಿ.

ಭಾವ ಚಿಟ್ಟಿಯಪ್ಪ ಗೋಡೆಯ ಕೋವಿ ನೋಡಿದರು,
ನನ್ನನ್ನು ನೋಡಿದರು.
'ಒಂದು ತೋಟಾ ಸಾಕು' ಅಂದರು, ಕಾಫಿಗೆ ಊದುತ್ತಾ.

ಕುಶಾಲನಗರದಿಂದ ಸ್ಕೂಟರಿನಲ್ಲಿ ಬಂದವಳು
ಪೊಲೀಸ್ ನಾಯಿಗಳನ್ನು ಪಳಗಿಸಿ ನಿವೃತ್ತಳಾದ ಸೆಲಿನ್ ಲೋಬೊ.
ಕೈಯಲ್ಲಿ ಕೋಲಿಲ್ಲ, ಚೀಲದಲ್ಲಿ ಒಣ ಸೀಗಡಿ.
ಕಾಫಿ ಕಣದಲ್ಲಿ ಕೂತಳು ನಾಯಿಗೆ ಬೆನ್ನು ಹಾಕಿ,
ಮುಕ್ಕಾಲು ಗಂಟೆ.
ನನ್ನ ದುಡ್ಡು ಬಿಸಿಲಲ್ಲಿ ಒಣಗುತ್ತಿತ್ತು.

ಆಮೇಲೆ ಕೇಳಿದ್ದು ನನ್ನನ್ನು:
'ಯಾರಾದರೂ ಎದ್ದರೆ ನೀವೇಕೆ ಉಸಿರು ಹಿಡಿಯುತ್ತೀರಿ?'
ನಾನಾ? ಇಲ್ಲಪ್ಪ, ಅಂದೆ.
'ಈಗ ಏಳುತ್ತೇನೆ, ನೋಡಿ.'

ಎದ್ದಳು.
ಎದೆಯೊಳಗೆ ಏನೋ ಕಟ್ಟಿತು,
ಸರಪಳಿಯ ಒಂದು ಕೊಂಡಿಯಷ್ಟು.
ಬೋಳನ ಕಿವಿ ತಿರುಗಿದ್ದು ನನ್ನತ್ತ,
ಅವಳತ್ತ ಅಲ್ಲ.

ಗುಣವಾಯಿತು ಅನ್ನುವಂತಿಲ್ಲ.
ಗೇಟಿನ ಬಳಿ ಅವಳ ಪ್ಯಾಂಟಿನ ಅಂಚು ಹರಿದೇ ಹರಿಯಿತು.
ನಕ್ಕಳು. ಸೀಟಿನ ಮೇಲೆ ಡೈರಿ ಇಟ್ಟು ಬರೆದುಕೊಂಡಳು:
ಮಂಗಳವಾರ, ಹತ್ತೂವರೆ.
ಹಳೇ ಪ್ಯಾಂಟು.