ಹೊರಗಿಟ್ಟ ಕಬ್ಬಿಣ

ನೋಟೀಸು ಮರಾಠಿಯಲ್ಲಿತ್ತು. ಎರಡು ಹಾಳೆ, ಒಂದು ನಕ್ಷೆ.
ನಕ್ಷೆಯಲ್ಲಿ ನಮ್ಮ ಭೋಸರಿಯ ಶೆಡ್ಡು ಬೆಂಕಿಪೆಟ್ಟಿಗೆಯಷ್ಟು,
ಅದರ ಸುತ್ತ ಕೆಂಪು ಶಾಯಿಯ ಗೆರೆ.
ಗೆರೆಗೂ ಕಾಂಪೌಂಡಿಗೂ ನಡುವೆ ನಾಲ್ಕೂವರೆ ಮೀಟರು
ಬರಿದೇ ಇರತಕ್ಕದ್ದು.
ಸರಕು, ಗುಜರಿ, ಡ್ರಮ್ಮು, ತಾಡಪತ್ರಿ, ತಗಡಿನ ಮಾಡು
ಯಾವುದೂ ಕೂಡದು. ಹದಿನೈದು ದಿನ ಗಡುವು.

ಕುದಳೆ ಸಾಹೇಬರು ಓದಿ, ಮಡಚಿ, ನನ್ನ ಕೈಗಿಟ್ಟರು.
ಸ್ಟೋರಿನ ಲೆಕ್ಕ ನನ್ನದು, ಹೊರಗೆ ಬಿದ್ದದ್ದೂ ನನ್ನದೇ.
ಪುಸ್ತಕ ಹಿಡಿದು ಹೊರಟೆ.

ಉತ್ತರದ ಗೋಡೆಗೆ: ಮುರಿದ ಪ್ಯಾಲೆಟ್ಟು ಮೂವತ್ತು ಚಿಲ್ಲರೆ,
ಕೂಲಂಟು ಬತ್ತಿದ ಡ್ರಮ್ಮುಗಳು, ಒಂದರ ನೆತ್ತಿಯ ಮೇಲೆ
ರಾತ್ರಿ ಪಾಳಿಯವರು ಕೊರೆದ ಆಡು-ಹುಲಿ ಆಟದ ಮನೆ.
ಯಾರದೋ ಸ್ಕೂಟರು. ಯಾರದೆಂದರೆ ಯಾರೂ ತಮ್ಮದೆನ್ನಲಿಲ್ಲ.
ದೊಡ್ಡ ಪೈಪಿನೊಳಗೆ ಬೆಕ್ಕು, ಅದರ ಮೂರು ಮರಿ.
ಯಾವ ಕಾಲಮ್ಮಿಗೆ ಬರೆಯಲಿ?

ದಕ್ಷಿಣಕ್ಕೆ ಹನ್ನೊಂದು ಲೇಥ್ ಬೆಡ್ಡು,
ಎರಕದ ಕಬ್ಬಿಣ, ಎಮ್ಮೆಗಳ ಹಾಗೆ ಸಾಲಾಗಿ ಮಲಗಿ
ಮಳೆಗೂ ಬಿಸಿಲಿಗೂ ಬೆನ್ನು ಕೊಟ್ಟಿದ್ದವು.

"ಅವನ್ನ ಮುಟ್ಟಬ್ಯಾಡ್ರಿ" ಅಂದ ಮೌನೇಶ ಬಡಿಗೇರ,
ಸುರಪುರದ ಕಡೆಯವ, ಮೂವತ್ತೆರಡು ವರ್ಷ ಪ್ಯಾಟರ್ನ್ ಕೆತ್ತಿದವ.
"ಹೊಸಾ ಎರಕದಾಗ ಸಿಟ್ಟು ಇರ್ತದ.
ಮ್ಯಾಲೆ ತಣ್ಣಗ ಕಾಣ್ತದ, ಒಳಗ ಎಳದಾಟ.
ಈಗ ತಾಸಿದ್ರ ಆರು ತಿಂಗಳಿಗೆ ಸೊಟ್ಟ ಆಗ್ತದ, ಕೂದಲೆಳಿಯಷ್ಟು.
ಕೂದಲೆಳಿ ಸಾಕು ಮಶೀನು ಕೆಡ್ಲಿಕ್ಕೆ.
ಒಂದು ಮಳಿಗಾಲ, ಒಂದು ಬ್ಯಾಸಿಗಿ ಹೊರಗ ಬೀಳಬೇಕು.
ಹಗಲು ಹಿಗ್ಗಬೇಕು, ರಾತ್ರಿ ಕುಗ್ಗಬೇಕು.
ಬೆಂಕೀನ ಮರೀಬೇಕ್ರಿ ಅದು."

ಹದಿನಾರನೆಯ ದಿನ ಗಾಯಧನಿ ಮೇಡಂ ಬಂದರು.
ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಅಳತೆಯ ಟೇಪು ಅವರದು,
ತುದಿ ಹಿಡಿದು ಕುಕ್ಕರುಗಾಲಲ್ಲಿ ಕೂತವನು ನಾನು.
ಗೋಡೆಯಿಂದ ಬೆಡ್ಡಿಗೆ ಎರಡು ಮೀಟರು ಹತ್ತು.
ಮೌನೇಶನ ಮಾತನ್ನು ನನ್ನ ಹರುಕು ಮರಾಠಿಯಲ್ಲಿ ಹೇಳಿದೆ.
ಮರಾಠಿಯಲ್ಲಿ ಸಿಟ್ಟಿಗೆ ರಾಗ ಅನ್ನುತ್ತಾರೆ.
ಕಬ್ಬಿಣದಲ್ಲಿ ರಾಗ ಇದೆ ಮೇಡಂ, ಅಂದೆ.
ಹೇಳುವಾಗ ನನಗೇ ಬೇರೆಯಾಗಿ ಕೇಳಿಸಿತು.

ಅವರು ನಗಲಿಲ್ಲ. ಪೆನ್ನಿನಿಂದ ಗೋಡೆಯಾಚೆ ತೋರಿಸಿದರು,
ಪೌಡರ್ ಕೋಟಿಂಗಿನ ಶೆಡ್ಡು, ಹೋದ ದೀಪಾವಳಿಯ ಮಸಿ ಹಾಗೇ ಇದೆ.
"ಬಂಬು ಗೇಟಿನ ತನಕ ಬಂತು. ಒಳಗೆ ದಾರಿಯಿರಲಿಲ್ಲ.
ಪ್ಯಾಲೆಟ್ಟು, ಪ್ಯಾಲೆಟ್ಟಿನ ಮೇಲೆ ಥಿನ್ನರು.
ಪೈಪನ್ನು ನಾವು ಕೈಯಲ್ಲೇ ಎಳೆದೆವು."
ನಾವು, ಅಂದರು.

ಆ ರಾತ್ರಿ ನಮ್ಮ ಗೋಡೆಯೂ ಬಿಸಿಯಾಗಿತ್ತು, ನಾನು ಮುಟ್ಟಿ ನೋಡಿದ್ದೆ.
ಒಳಗಿದ್ದ ಇಬ್ಬರಲ್ಲಿ ಒಬ್ಬ ನಮ್ಮ ಕ್ಯಾಂಟೀನಿಗೆ ಬರುತ್ತಿದ್ದ.
ಅವನ ಚಹಾದ ಬಾಕಿ, ಹದಿನೆಂಟು ರೂಪಾಯಿ,
ಸೀಮೆಸುಣ್ಣದಲ್ಲಿ ಇನ್ನೂ ಇದೆ. ಒರೆಸಲು ಯಾರೂ ಕೈಯೆತ್ತಿಲ್ಲ.

ಮೌನೇಶನಿಗೆ ಕನ್ನಡದಲ್ಲಿ ಹೇಳಬೇಕಾಗಲಿಲ್ಲ.
ಮರಾಠಿ ನನಗಿಂತ ಅವನಿಗೇ ಚೆನ್ನಾಗಿ ಬರುತ್ತದೆ.
ಬೆಡ್ಡಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ,
ಜ್ವರ ನೋಡುವವನ ಹಾಗೆ.
"ಕ್ರೇನ್ ಕರಸ್ರಿ" ಅಂದ.

ಮಳೆಗಾಲ ಕಂಡ ಏಳು ಒಳಗೆ ಬಂದವು, ತಾಸಲು.
ಫಾಲ್ಗುಣದಲ್ಲಿ ಹುಟ್ಟಿದ ನಾಲ್ಕು ಚಾಕಣದಾಚೆ
ಯಾರದೋ ಈರುಳ್ಳಿ ಹೊಲದ ಬದುವಿಗೆ ಹೋದವು.
ತಿಂಗಳ ಬಾಡಿಗೆ, ರಸೀದಿಯಿಲ್ಲ.
ರವಿವಾರ ಬಸ್ಸು ಹತ್ತಿ ನೋಡಿ ಬರುತ್ತಾನೆ.
ನೆನೀಲಿಕ್ಕೆ ಹತ್ಯಾವ, ಅನ್ನುತ್ತಾನೆ, ಇನ್ನೇನೂ ಹೇಳುವುದಿಲ್ಲ.

ಈಗ ಅಲ್ಲಿ ನಾಲ್ಕೂವರೆ ಮೀಟರು ಬರೀ ನೆಲ.
ಹನ್ನೊಂದು ತುಕ್ಕಿನ ಪಡಿಯಚ್ಚು, ಹುಲ್ಲು ಇನ್ನೂ ಹತ್ತಿಲ್ಲ.
ಊಟದ ಗಂಟೆ ಹೊಡೆದರೆ ನಳದ ಕಡೆ ಹೋಗುವವರು
ನೇರ ಹೋಗುವುದಿಲ್ಲ,
ಇಲ್ಲದ ಕಬ್ಬಿಣವನ್ನು ಬಳಸಿಕೊಂಡು ಹೋಗುತ್ತಾರೆ.
ನಾನೂ.

ಸ್ಕೂಟರು ಮಾತ್ರ ಅಲ್ಲೇ ಇದೆ.
ಅದರ ಸೀಟಿನಡಿ ಬೆಕ್ಕು.