ಎರಡು ಸುತ್ತು

ಹಚಿನೋಹೆಯಿಂದ ರಾತ್ರಿ ಬಸ್ಸು. ಹತ್ತು ಗಂಟೆ
ಮಡಚಿಟ್ಟಿದ್ದ ಮಂಡಿಗಳನ್ನು ಬೆಳಿಗ್ಗೆ
ಅಕಿಹಾಬರಾದ ಮೆಟ್ಟಿಲ ಮೇಲೆ ಒಂದೊಂದಾಗಿ ಬಿಚ್ಚಿದೆ.
ಒಳಜೇಬಲ್ಲಿ ಲಕೋಟೆ, ಲಕೋಟೆಯಲ್ಲಿ ಮೂವತ್ತೊಂದು ಸಾವಿರ ಯೆನ್:
ಮೀನುಪೇಟೆಗೆ ಮಂಜುಗಡ್ಡೆಯ ಲಾರಿ ಹೊಡೆಯುವವನು
ಹನ್ನೊಂದು ತಿಂಗಳು ಸಿಗರೇಟು ಕಡಿಮೆ ಮಾಡಿ ಉಳಿಸಿದ್ದು.
ಹನ್ನೆರಡನೆಯ ತಿಂಗಳಿನ ಮಾತು ಬೇಡ.

ಚೀಟಿಯಲ್ಲಿ: ಸೂಜಿ ಒಂದು. ಫ್ಯೂಸು ನಾಲ್ಕು.
ತಟ್ಟೆ ತಿರುಗಿಸುವ ರಬ್ಬರ್ ಪಟ್ಟಿ ಒಂದು,
ಹಳೆಯದು ಫೆಬ್ರವರಿಯಲ್ಲಿ ಹರಿಯಿತು.
ಕೆಳಗೆ ಪೆನ್ಸಿಲಲ್ಲಿ, ನನಗೇ ನಾಚಿಕೆಯಾಗುವಷ್ಟು ಸಣ್ಣಕ್ಷರದಲ್ಲಿ,
ಒಂದು ತಂಡದ ಹೆಸರು. ಹೇಳಿದರೂ ನಿಮಗೆ ಗೊತ್ತಾಗದು.
ಎರಡು ರೆಕಾರ್ಡು ಮಾಡಿ, ಜಗಳವನ್ನೂ ಆಡದೆ ಚದುರಿಹೋದವರು.

ರೈಲು ಹಳಿಯ ಅಡಿಗೆ ಅಂಗಡಿಗಳ ಸಾಲು,
ಒಂದೊಂದೂ ಬೀರುವಿನಷ್ಟು ಅಗಲ.
ಒಬ್ಬನಲ್ಲಿ ಬರೀ ಸ್ವಿಚ್ಚು, ಒಬ್ಬನಲ್ಲಿ ಬರೀ ತಿರುಪು.
ಮೇಲೆ ರೈಲು ಹಾಯ್ದಾಗಲೆಲ್ಲ
ಡಬ್ಬಿಯೊಳಗಿನ ಕೆಪಾಸಿಟರುಗಳು ಹುರಿಗಡಲೆಯಂತೆ ಸದ್ದು ಮಾಡುತ್ತವೆ.

ನುಮಜಿರಿ ಅಜ್ಜಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ನನ್ನ ಸೂಜಿಯನ್ನು ಬೆಳಕಿಗೆ ಹಿಡಿದಳು.
"ಬದಲಿಸಿ ಎಷ್ಟು ವರ್ಷವಾಯಿತು?"
"ಹದಿನಾಲ್ಕು."
"ಇದು ಸೂಜಿಯಲ್ಲ ಸ್ವಾಮಿ, ಗುದ್ದಲಿ.
ಇಷ್ಟು ದಿನ ನೀವು ಹಾಡು ಕೇಳಿಲ್ಲ, ಉತ್ತಿದ್ದೀರಿ."
ಹಲ್ಲಿನ ಡಾಕ್ಟರ ಮುಂದೆ ಕೂತವನಂತೆ ಬಾಯಿ ಬಿಟ್ಟುಕೊಂಡು ನಿಂತೆ.
ಬಿಲ್ಲಿಗೆ ಹೆಸರು ಕೇಳಿದಳು. ತೊಮಬೆಚಿ ಎಂದೆ.
"ಓ, ಆ ಚಳಿಯ ಕಡೆಯವರು" ಎಂದು ಫ್ಯೂಸು ಐದು ಎಣಿಸಿದಳು.
ನಾಲ್ಕರ ಸದ್ದಿನಲ್ಲಿ ಸಾವಿದೆಯಂತೆ, ಕೊಸರು ಒಂದಿರಲಿ.
ಗುದ್ದಲಿಯನ್ನೂ ಕಾಗದದಲ್ಲಿ ಸುತ್ತಿ ವಾಪಸು ಕೊಟ್ಟಳು.
ಯಾಕೆಂದು ನಾನೂ ಕೇಳಲಿಲ್ಲ.

ಅಲ್ಲಿಂದ ಏರು ಹತ್ತಿ ಒಚಾನೊಮಿಜು. ಮೂರನೆಯ ಮಹಡಿ,
ಒಂದೂವರೆ ಆಳು ಹಿಡಿಸುವ ಲಿಫ್ಟು.
ಎಲ್ಲ ರೆಕಾರ್ಡಿಗೂ ಎಡಗಡೆ ಕಾಗದದ ನಡುಪಟ್ಟಿ,
ಮದುವೆಗೆ ಹೊರಟವರ ಹಾಗೆ ಬಿಗಿಯಾಗಿ ನಿಂತಿವೆ.
ಪಕ್ಕದಲ್ಲೊಬ್ಬ ಎತ್ತರದ ವಿದೇಶಿ. ಅವನ ಬೆರಳು 'ತ'ದಲ್ಲಿ,
ನನ್ನದು ಇನ್ನೂ 'ಸ'ದಲ್ಲಿ. ನನಗೆ ಬೇಕಾದದ್ದು 'ನ'ದಲ್ಲಿ.
ಐವತ್ತೆಂಟರ ವಯಸ್ಸಿನಲ್ಲಿ ನಾನು
ಸಾಲು ಮುರಿದು ನುಗ್ಗಿದೆ. ಸಿಕ್ಕಿತು.
ಸ್ಥಿತಿ: ಉತ್ತಮ. ಗೀರಿಲ್ಲ. ಬೆಲೆ ಹೇಳಲಾರೆ.

ಗೀರಿದ್ದದ್ದು ನನ್ನದಕ್ಕೆ. ಕೊಂಡ ಮೂರನೆಯ ರಾತ್ರಿ
ಡಿಸೆಂಬರಿನ ಆ ಭೂಕಂಪ. ಅನ್ನದ ಬಟ್ಟಲು, ಗಡಿಯಾರ, ನಾನು
ಎಲ್ಲರೂ ನೆಲಕ್ಕೆ; ಸೂಜಿ ಅಡ್ಡಡ್ಡ ಓಡಿತು.
ಅಂದಿನಿಂದ ಬಿ ಬದಿಯ ಮೂರನೆಯ ಹಾಡಲ್ಲಿ
ಎರಡು ಸುತ್ತು ಇಲ್ಲ. ಹಾಡುವವಳು "ಬಂದರು" ಅನ್ನುತ್ತಾಳೆ,
ಮರುಕ್ಷಣ "ಮರೆತೆ" ಅನ್ನುತ್ತಾಳೆ.
ನಡುವೆ ಏನಿತ್ತೋ ನೆನಪಾಗಲೊಲ್ಲದು.
ಲಾರಿಯಲ್ಲಿ ಹಾಡಿಕೊಳ್ಳುವಾಗಲೂ ನಾನು ಅಲ್ಲಿ ಹಾರುತ್ತೇನೆ.

ಉಗುರಿಗೆ ಬೆಳ್ಳಿ ಬಣ್ಣ ಹಚ್ಚಿದ ಹುಡುಗ, ರಿತ್ಸುತೊ,
ಮೂಲೆಯ ಯಂತ್ರಕ್ಕೆ ಅದನ್ನು ಮಗುವನ್ನು ಮಲಗಿಸಿದಂತೆ ಮಲಗಿಸಿದ.
ಕಿವಿಗೆ ಹೆಡ್‌ಫೋನು. ಬಂದರು ಬಂತು.
ಆಮೇಲೆ, ಕೇಳಿ, ಮಾತೇ ಇಲ್ಲ!
ಬಾಸ್ ನುಡಿಸುವವನು ಒಂದು ತಪ್ಪು ಸ್ವರ ಒತ್ತುತ್ತಾನೆ,
ಯಾರೋ ಮೂಗಿನಲ್ಲಿ ನಗುತ್ತಾರೆ,
ಅವಳು ಉಸಿರು ಎಳೆದುಕೊಳ್ಳುತ್ತಾಳೆ. ಅಷ್ಟೇ.
ನನ್ನ ಕಾಲು ಮಾತ್ರ ಹಳೆಯ ರೂಢಿಗೆ ಹಾರಿಬಿಟ್ಟಿತು.
ಹಾಡಿಗಿಂತ ಮೊದಲೇ ಆಚೆ ದಡ ಮುಟ್ಟಿ
ಒಬ್ಬಂಟಿಯಾಗಿ ನಿಂತು ಕಾಯಿತು.

"ಮತ್ತೊಮ್ಮೆ?" ಎಂದ ರಿತ್ಸುತೊ.
ಮತ್ತೊಮ್ಮೆ. ಆಮೇಲೆ ಇನ್ನೊಮ್ಮೆ.
ಲಕೋಟೆ ಮಡಚಿ ಅವನ ಕಸದ ಬುಟ್ಟಿಗೇ ಹಾಕಿದೆ.

ರಾತ್ರಿ ಎರಡಕ್ಕೆ ಬಸ್ಸು ಸೆಂಡೈ ಹತ್ತಿರ ನಿಂತಿತು.
ಡಬ್ಬಿ ಕಾಫಿಯಲ್ಲಿ ಕೈ ಬೆಚ್ಚಗೆ ಮಾಡಿಕೊಳ್ಳುತ್ತ ಚೀಟಿ ತೆಗೆದೆ.
ಸೂಜಿ, ಸರಿ. ಫ್ಯೂಸು, ಒಂದು ಹೆಚ್ಚು. ರೆಕಾರ್ಡು ತೊಡೆಯ ಮೇಲೆ.
ರಬ್ಬರ್ ಪಟ್ಟಿ.
ಅಯ್ಯೋ, ರಬ್ಬರ್ ಪಟ್ಟಿ.

ಇರಲಿ. ಬೆರಳಲ್ಲೇ ತಿರುಗಿಸಿದರಾಯಿತು,
ಎರಡು ಸುತ್ತು ತಾನೆ.