ನಲವತ್ತೆರಡು ಸೆಕೆಂಡು

ರಜೆಯ ದಿನ. ಮುಸಫ್ಫಾದ ಕ್ಯಾಂಪಿನಲ್ಲಿ ಬೆಳಗಾಗುವುದು
ಏಸಿಯ ನೀರು ಪೇಂಟಿನ ಡಬ್ಬಕ್ಕೆ ತೊಟ್ಟಿಕ್ಕುವ ಸದ್ದಿಗೆ.
ಮೇಲೊಂದು ಕೆಳಗೊಂದು ಮಂಚ,
ಒಂದೊಂದರಲ್ಲೂ ನೀಲಿ ಬೆಳಕು ಮೆತ್ತಿಕೊಂಡ ಒಂದು ಗಲ್ಲ.
ಮಾತಿಲ್ಲ. ಹೆಬ್ಬೆರಳುಗಳು ಮಾತ್ರ
ಮೊರದಲ್ಲಿ ಅಕ್ಕಿ ಆರಿಸಿದಂತೆ ಸರಸರ.
ಆದರೆ ಕಲ್ಲು ಇಟ್ಟುಕೊಂಡು ಅಕ್ಕಿ ಚೆಲ್ಲುತ್ತವೆ.

ನಾನು ಲಾದ್ರು, ವೆಲ್ಡರ್, ಈ ಕೋಣೆಗೆ ಹಿರಿಯ.
ನಾನು ಬಂದಾಗ ಕ್ಯಾಸೆಟ್ಟಿನ ಕಾಲ.
ಊರಿಂದ ಬರುವವನ ಬ್ಯಾಗಿನಲ್ಲಿ
ಒಣಮೀನಿನ ಪೊಟ್ಟಣದ ಪಕ್ಕ ಕೂತು
ಬರುತ್ತಿತ್ತು ನನ್ನ ಅಪೊಲಿನಳ ದನಿ,
ಎರಡು ತಿಂಗಳು ಹಳೆಯ ಜ್ವರ, ಎರಡು ತಿಂಗಳು ಹಳೆಯ ಸಿಟ್ಟು.
ಟೇಪ್‌ರೆಕಾರ್ಡರ್ ಒಂದೇ. ಕೇಳುವವರು ಎಂಟು ಮಂದಿ.
ಸೊಸೈಟಿಯ ಸಾಲ ತೀರಿತು ಅಂದಾಗ
ಕೊಂಕಣಿ ಬಾರದವರೂ ಉಸಿರು ಬಿಟ್ಟರು.
ನಡುವೆ ಕೋಳಿ ಕೂಗಿತು, ಅವಳು ಅದಕ್ಕೆ ಬೈದಳು.
ಅಷ್ಟನ್ನೇ ರಿವೈಂಡ್ ಮಾಡಿಸಿ ಮಾಡಿಸಿ ನಕ್ಕೆವು.
ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಇದಿನಬ್ಬನದು ಮೇಲಿನ ಮಂಚ, ಪುರಂದರನದು ಕೆಳಗಿನದು.
ಒಂಬತ್ತು ವರ್ಷ ಒಂದೇ ಪಾತ್ರೆ.
ಒಬ್ಬ ಬ್ಯಾರಿಯಲ್ಲಿ ಬೈದರೆ
ಇನ್ನೊಬ್ಬ ತುಳುವಿನಲ್ಲಿ ಬಡ್ಡಿ ಸೇರಿಸಿ ತೀರಿಸುವವ.
ಹತ್ತುವಾಗ ಇದಿನಬ್ಬ ಕಾಲೂರುವುದು
ಪುರಂದರನ ದಿಂಬಿನ ಬದಿಯ ಅಂಚಿಗೆ.
"ಕಾಲು ಜಾಗ್ರತೆ ಮಾರಾಯ, ತಲೆ ಉಂಟು ಇಲ್ಲಿ"
ದಿನವೂ ಇದೇ ಮಾತು, ಬಾಗಿಲಿಗೆ ಚಿಲಕ ಹಾಕಿದ ಹಾಗೆ,
ಇದಾದ ಮೇಲೆ ನಮಗೆ ನಿದ್ದೆ.

ಒಂದು ರಾತ್ರಿ ಬಂತು ವಿಡಿಯೋ, ನಲವತ್ತೆರಡು ಸೆಕೆಂಡು.
ಓಡುವ ಕಾಲು, ಉರಿಯುವ ಗೂಡಂಗಡಿ,
ಒಬ್ಬ ಹೆಂಗಸಿನ ಚೀರು.
ಕೆಳಗೆ ಬರೆದಿತ್ತು: ನಮ್ಮ ಬಂದರು, ಈಗಷ್ಟೇ.
ಮಾಡಿದವರು ಯಾರೆಂದೂ ಬರೆದಿತ್ತು.

ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.
ಪಾತ್ರೆ ಎರಡಾಯಿತು, ಉಪ್ಪಿನ ಡಬ್ಬ ಎರಡಾಯಿತು.
ಇದಿನಬ್ಬ ಕಾಲಿನ ಬದಿಯಿಂದ ಹತ್ತತೊಡಗಿದ.
ಇವನ ಸ್ಟೇಟಸ್ಸಿನಲ್ಲಿ ಒಂದು ಚುಚ್ಚು,
ಅವನ ಸ್ಟೇಟಸ್ಸಿನಲ್ಲಿ ಅದಕ್ಕೊಂದು ತಿವಿತ.
ನಡುವೆ ಇದ್ದದ್ದು ಮೂರಡಿ, ಒಂದು ಪ್ಲೈವುಡ್ ಹಲಗೆ.
ಆ ಮೂರಡಿ ದಾಟಲು ಮಾತು
ಯಾವ ಯಾವ ಕಡಲು ಸುತ್ತಿತೋ.
ನೋಡಿದವರ ಪಟ್ಟಿಯಲ್ಲಿ
ಅವನಿಗೆ ಇವನೇ ಮೊದಲು, ಇವನಿಗೆ ಅವನೇ.

ಹನ್ನೊಂದನೆಯ ದಿನ ಕನ್ನಡಕ ಹಾಕಿ,
ನಿಲ್ಲಿಸಿ ನಿಲ್ಲಿಸಿ ನೋಡಿದೆ.
ಹದಿನೇಳನೆಯ ಸೆಕೆಂಡಿನಲ್ಲಿ ಅಂಗಡಿಯ ಬೋರ್ಡು.
ಕನ್ನಡವಲ್ಲ. ಮಲಯಾಳವಲ್ಲ, ಅರಬಿಯೂ ಅಲ್ಲ.
ಈ ಕೋಣೆಯಲ್ಲಿ ಯಾರಿಗೂ ಓದಲು ಬಾರದ ಲಿಪಿ.
ಚೀರಿಗೊಂದು ಭಾಷೆ ಇಲ್ಲವಲ್ಲ,
ಅದಕ್ಕೇ ಅದು ನಮ್ಮದೆಂದು ಕೇಳಿಸಿತ್ತು.

ಈಗ ಹೇಳಬೇಕು:
ಅದನ್ನು ಗುಂಪಿಗೆ ಹಾಕಿದವ ನಾನು.
ದ್ವೇಷಕ್ಕಲ್ಲ, ಎಲ್ಲರಿಗಿಂತ ಮೊದಲು ನನಗೆ ಸಿಕ್ಕಿತು ಎಂಬ
ಸಾಸಿವೆಯಷ್ಟು ಖುಷಿಗೆ.
ಒಂದು ಕಿಡಿಗೂ ಮುಖಕ್ಕೆ ಗುರಾಣಿ ಹಿಡಿಯುವವ,
ಮೂವತ್ತೈದು ವರ್ಷ ಕಬ್ಬಿಣಕ್ಕೆ ಕಬ್ಬಿಣ ಬೆಸೆದವ.
ಅಳಿಸಲು ಹೋದೆ. ಹೊತ್ತು ಮೀರಿತ್ತು.
'ನನಗೆ ಮಾತ್ರ ಅಳಿಸು' ಎಂಬುದೊಂದೇ ಉಳಿದಿತ್ತು.
ಒತ್ತಲಿಲ್ಲ.

ಬಾಯಿಬಿಟ್ಟೇ ಹೇಳಿದೆ.
"ಅದು ನಮ್ಮೂರಲ್ಲ. ಹಾಕಿದ್ದು ನಾನು."
ಆ ಕೋಣೆಯಲ್ಲಿ ನನ್ನ ದನಿ
ಯಾರದೋ ಹಳೆಯ ಕ್ಯಾಸೆಟ್ಟಿನಂತೆ ಕರಕರ ಅಂದಿತು.
ಒಬ್ಬೊಬ್ಬರೇ ಕಿವಿಯ ಬತ್ತಿ ತೆಗೆದರು.
ಯಾರೂ ಬೈಯಲಿಲ್ಲ, ಅದೇ ಕಷ್ಟ.
ಗುಂಪಿನಲ್ಲಿ ಮೂಡಿತು: ಪುರಂದರ ಟೈಪ್ ಮಾಡುತ್ತಿದ್ದಾನೆ.
ನಿಂತಿತು.
ಮತ್ತೆ: ಟೈಪ್ ಮಾಡುತ್ತಿದ್ದಾನೆ.
ಮತ್ತೆ ನಿಂತಿತು.

ಏಸಿಯ ಡಬ್ಬ ತುಂಬಿ ತುಳುಕುತ್ತಿತ್ತು.
ಚೆಲ್ಲಲೆಂದು ಇದಿನಬ್ಬ ಇಳಿದ,
ದಿಂಬಿನ ಬದಿಯಿಂದ. ಅದೇ ಅಂಚಿಗೆ ಕಾಲೂರಿದ.
ಪುರಂದರ ತಲೆ ತುಸು ಸರಿಸಿದ.

ಆ ಮಾತಿಗೆ ಕಾದೆ.
ಹೊರಗೆ ಸಿಮೆಂಟಿನ ಮೇಲೆ ನೀರು ಚೆಲ್ಲಿದ ಸದ್ದು,
ಬಿಸಿಲು ಅದನ್ನು ಹೀರಿಕೊಂಡ ಸದ್ದು.
ಕಾಯುತ್ತಲೇ ಇದ್ದೇನೆ.